ಕಪಿಗಳ ಕಡೆಗೆ ಬಿದ್ದ ಮುಖವಾಡ

"ನಮ್ಮಲ್ಲಿ ತಲೆ ಅಂದ್ರೆ ದೇವರು, ಕಾಲು ಅಂದ್ರೆ ಕಸ!" ವೇದಿಕೆಯ ಮೇಲಿಂದ ವಿರಿಯ ಕೂಗಿ ಹೇಳಿದ. "ಯಾರ ತಲೇನೂ ಮುಟ್ಬೇಡಿ. ಯಾರ ಕಡೆಗೂ ಕಾಲು ಚಾಚ್ಬೇಡಿ. ಇಷ್ಟು ಕಲಿತ್ರೆ ನೀವು ಅರ್ಧ ಥಾಯ್ ಆದ ಹಾಗೆ. ಇನ್ನರ್ಧ ಊಟದ ಹೊತ್ತಿಗೆ ಕಲಿಸ್ತೀವಿ!"

ಮುಂದಿನ ಸಾಲುಗಳಲ್ಲಿದ್ದ ಪರದೇಶದವರು ಗೊಳ್ಳೆಂದು ನಕ್ಕರು. ಎಲ್ಲರಿಗೂ ಬಾಡಿಗೆಯ ರೇಷ್ಮೆ ಪಂಚೆ ಸುತ್ತಿ, ಸೊಂಟಕ್ಕೆ ಗಿಲೀಟಿನ ಡಾಬು ಬಿಗಿದಿದ್ದರು. ಕೈಮುಗಿಯುವುದನ್ನು ಅಭ್ಯಾಸ ಮಾಡುತ್ತಿದ್ದ ಒಬ್ಬ ದಪ್ಪ ಮನುಷ್ಯನ ಮೊಣಕೈ ಪಕ್ಕದವಳ ಮೂಗಿಗೆ ತಾಗಿತು. ಅದೂ ಒಂದು ನಗೆಯಾಯಿತು.

ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ ಲಮ್ಯೈ ನಗಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿದ್ದ ಐಸ್ ಕಾಫಿಯನ್ನು ಕೊಳವೆಯಲ್ಲಿ ಹೀರುತ್ತ, ವಿರಿಯನ ಕೈಗಳನ್ನೇ ನೋಡುತ್ತಿದ್ದಳು. ಬಾಯಿ ಸಂತೆಯ ಬಾಯಿ. ಕೈ ಹಾಗಿರಲಿಲ್ಲ. ಮುಗಿದ ಬೆರಳ ತುದಿ ಹುಬ್ಬುಗಳ ನಡುವೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಬೆತ್ತ ಹಿಡಿದು ಕಲಿಸಿದ ಕೈ ಅದು.

ಈ ಸಂಸ್ಕೃತಿ ಗ್ರಾಮದ ಮುಖವಾಡಗಳ ಕೋಣೆಯಿಂದ ಗುರುತಲೆ ಕಳುವಾಗಿ ವಾರವಾಗಿತ್ತು. ಕೋಣೆಯ ಬೀಗದ ಕೈ ಇಟ್ಟುಕೊಂಡಿದ್ದ ತಪ್ಪಿಗೆ ಹೊಲಿಗೆಯ ಬುಪ್ಪ ಠಾಣೆಯ ಕಂಬಿಯ ಹಿಂದೆ ಕುಳಿತಿದ್ದಳು.

ಗುರುತಲೆ ಎಂದರೆ ಬಿಳಿ ಗಡ್ಡ, ಬಂಗಾರದ ಬಣ್ಣದ ಋಷಿಯ ಮುಖವಾಡ. ನಾಟ್ಯ ಕಲಿತವರು ಒಮ್ಮೆ ಅದನ್ನು ತಮ್ಮ ತಲೆಯ ಮೇಲೆ ಇರಿಸಿಕೊಂಡ ಮೇಲೇ ರಂಗಕ್ಕೆ ಇಳಿಯಬೇಕು. ಹಳೆಯ ಗುರು ಕ್ರೂ ಚಲೋಮ್ ಬದುಕಿರುವಷ್ಟು ಕಾಲ ಅದನ್ನು ಹೊಸಿಲು ದಾಟಿಸಿರಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಅದನ್ನು ಗ್ರಾಮದ ಯಜಮಾನ ಅನುವತ್‌ಗೆ ಮಾರಿದ. ಅಪ್ಪನ ಚಿತೆಯ ಬೂದಿ ಆರುವವರೆಗೆ ಕಾಯಲೂ ಅವನಿಗೆ ಪುರುಸೊತ್ತು ಇರಲಿಲ್ಲ.

ನಾಳೆ ಗುರುವಾರ, ಗುರುವಂದನೆ. ಅಷ್ಟರೊಳಗೆ ತಲೆ ಸಿಗದಿದ್ದರೆ ದೂರಿಗೆ ರುಜು ಹಾಕುವೆ ಎಂದು ಅನುವತ್ ಹೇಳಿಯಾಗಿತ್ತು. ರುಜು ಬಿದ್ದರೆ ಬುಪ್ಪಳಿಗೆ ಜೈಲು. ಉಬ್ಬಸದ ಹೆಂಗಸು, ಒಳಗೆ ಹೋದರೆ ನಡೆದುಕೊಂಡು ಹೊರಗೆ ಬರುವ ಆಸೆ ಅವಳಿಗೇ ಇರಲಿಲ್ಲ.

"ಏನು ಇನ್ಸ್‌ಪೆಕ್ಟರಮ್ಮ, ಟಿಕೇಟು ತಗೊಂಡು ಒಳಗೆ ಬಂದ್ರಾ?"

ಅನುವತ್ ಪಕ್ಕದಲ್ಲಿ ಬಂದು ನಿಂತಿದ್ದ. ಕೊರಳಲ್ಲಿ ಬುದ್ಧನ ತಾಯತಗಳ ಗೊಂಚಲು. ಲಮ್ಯೈ ಪ್ರವಾಸಿ ಪೊಲೀಸಿನಲ್ಲಿ ಕೂದಲು ನರೆಸಿಕೊಂಡು ನಿವೃತ್ತಳಾಗಿ ಎರಡು ವರ್ಷವಾಗಿದ್ದರೂ ಅವನು ಬೇಕೆಂದೇ ಹಾಗೆ ಕರೆಯುತ್ತಿದ್ದ.

"ನಿವೃತ್ತರಿಗೆ ಅರ್ಧ ಟಿಕೇಟು ಅಂತ ಬರೆಸಿದ್ದೀರಲ್ಲ, ಸಾಹುಕಾರ್ರೆ. ಅರ್ಧ ದುಡ್ಡು ಕೊಟ್ಟು ಅರ್ಧ ಸಂಸ್ಕೃತಿ ನೋಡ್ತಿದ್ದೀನಿ."

"ಪೂರ್ತಿ ನೋಡಿದ್ರೂ ಬುಪ್ಪ ಹೊರಗೆ ಬರೋಲ್ಲ."

"ಕೋಣೆ ತೆಗೆಸಿ. ಇನ್ನೊಂದ್ಸಲ ನೋಡ್ತೀನಿ."

ಅವನು ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, ಮುಂದೆ ನಡೆದ. ಕಾಸಿಲ್ಲದ ಗಿರಾಕಿಗೆ ಅಂಗಡಿ ತೋರಿಸುವವನ ನಡಿಗೆ.

ಕಳುವಾದ ದಿನ ಕೋಣೆ ಹೇಗಿತ್ತೋ ಹಾಗೇ ಇತ್ತು. ಮರದ ಅಟ್ಟಣಿಗೆಗಳು ಅಡ್ಡಬಿದ್ದಿದ್ದವು. ಕಿಟಕಿಯ ಸರಳು ಬಾಗಿತ್ತು. ಮುಖವಾಡಗಳು ನೆಲದ ತುಂಬ ಚೆಲ್ಲಿದ್ದವು. ಸರಳನ್ನು ಒಳಗಿನಿಂದ ಬಗ್ಗಿಸಿದ್ದಾರೆ, ಬಾಗಿಲನ್ನು ಬೀಗದ ಕೈಯಿಂದಲೇ ತೆಗೆದಿದ್ದಾರೆ ಎಂದು ಠಾಣೆಯ ಸಬ್ ಇನ್ಸ್‌ಪೆಕ್ಟರ್ ತನಿತ್ ಕಂಡುಹಿಡಿದಿದ್ದ. ಅಲ್ಲಿಗೆ ಅವನ ಬುದ್ಧಿಗೆ ಸುಸ್ತಾಗಿತ್ತು. ಬೀಗದ ಕೈ ಯಾರದು? ಬುಪ್ಪಳದು. ಹಿಡಿ, ಹಾಕು, ಊಟಕ್ಕೆ ಹೋಗು.

ಲಮ್ಯೈ ಚಪ್ಪಲಿ ಕಳಚಿಟ್ಟು ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕುಳಿತಳು. ಬಹಳ ಹೊತ್ತು ಕುಳಿತಳು. ಅನುವತ್ ಚಪ್ಪಲಿ ಕಾಲಲ್ಲೇ ಬಾಗಿಲಲ್ಲಿ ನಿಂತು ಫೋನು ಒತ್ತುತ್ತಿದ್ದ.

"ಬಹಳ ಮರ್ಯಾದಸ್ಥ ಕಳ್ಳ," ಎಂದಳು ಕೊನೆಗೆ.

"ಏನು?"

"ಅಟ್ಟಣಿಗೆ ಕೆಡವಿದ್ದಾನೆ, ಪೆಟ್ಟಿಗೆ ಒಡೆದಿದ್ದಾನೆ. ಒಂದು ಮುಖವಾದ್ರೂ ಬೋರಲು ಬಿದ್ದಿದೆಯಾ ನೋಡಿ. ಎಲ್ಲಾ ಮೇಲ್ಮುಖ. ರಾಕ್ಷಸರೆಲ್ಲ ಕಿಟಕಿ ಕಡೆ, ಕಪಿಗಳೆಲ್ಲ ಬಾಗಿಲ ಕಡೆ. ನಡುವೆ ದಾರಿ. ಇವನು ಎಸೆದಿಲ್ಲ ಸಾಹುಕಾರ್ರೆ. ಒಂದೊಂದನ್ನೂ ಕೈಯಲ್ಲಿ ಎತ್ತಿ ಇಟ್ಟಿದ್ದಾನೆ."

ರಾಕ್ಷಸರನ್ನೂ ಕಪಿಗಳನ್ನೂ ಒಂದೇ ಕಡೆ ಇಟ್ಟರೆ ದೀಪ ಆರಿದ ಮೇಲೆ ಅವು ಯುದ್ಧಕ್ಕೆ ನಿಲ್ಲುತ್ತವೆ ಎಂಬುದು ಈ ವೃತ್ತಿಯವರೆಲ್ಲ ಎದೆಹಾಲಿನ ಜೊತೆ ಕುಡಿದ ಮಾತು.

ಅನುವತ್ ತೊಡೆ ತಟ್ಟಿ ನಕ್ಕ. "ಅಂದ್ರೆ ಒಳಗಿನವರೇ! ಬುಪ್ಪನೇ! ನೀವು ಅವಳನ್ನ ಬಿಡಿಸೋಕೆ ಬಂದ್ರೋ, ಹಗ್ಗ ಬಿಗಿಯೋಕೆ ಬಂದ್ರೋ?"

"ನಗು ಮುಗೀತಾ? ಆ ಹಸಿರು ಮುಖ ಯಾರದು ಹೇಳಿ."

"ಯಾವುದೋ ರಾಕ್ಷಸ."

"ಇಷ್ಟು ವರ್ಷ ತೋರಿಸಿ ಕಾಸು ಮಾಡಿದ್ದೀರ. ಹೆಸರು ಗೊತ್ತಿಲ್ಲ."

"ಹೆಸರು ಗೊತ್ತಿರೋರಿಗೆ ಸಂಬಳ ಕೊಡ್ತೀನಲ್ಲ."

"ಪಿಪೆಕ್. ತೊತ್ಸಕನ್‌ನ ಸ್ವಂತ ತಮ್ಮ. ಅಣ್ಣನ್ನ ಬಿಟ್ಟು ರಾಮನ ಕಡೆ ಸೇರಿದೋನು."

ಹತ್ತು ತಲೆಯ ಅಣ್ಣನನ್ನು ಬಿಟ್ಟುಬಂದ ಆ ವಿಭೀಷಣನ ಹಸಿರು ಮುಖ ಕೋರೆಹಲ್ಲು ಕಿಸಿದುಕೊಂಡು ಬಾಗಿಲ ಕಡೆ, ಕಪಿಗಳ ನಡುವೆ, ಛಾವಣಿ ನೋಡುತ್ತ ಬಿದ್ದಿತ್ತು.

ಲಮ್ಯೈ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮುಖ ರಾಕ್ಷಸನದಾದ್ದರಿಂದ ಎಲ್ಲ ಮೇಳಗಳಲ್ಲೂ ಅವನನ್ನು ರಾಕ್ಷಸರ ಸಾಲಿನಲ್ಲೇ ಇಡುತ್ತಾರೆ. ಬುಪ್ಪಳೂ ಅಲ್ಲೇ ಇಡುತ್ತಿದ್ದಳು; ಕಿಟಕಿಯ ಕಡೆಯ ಅಟ್ಟಣಿಗೆಯಲ್ಲಿ ಅವನ ಹೆಸರಿನ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನನ್ನು ಕಪಿಗಳ ನಡುವೆ ಕೂರಿಸುತ್ತಿದ್ದದ್ದು ಒಂದೇ ಮನೆಯಲ್ಲಿ. ಲಮ್ಯೈಳ ಅಕ್ಕ ಆ ಮನೆಯಲ್ಲಿ ನಾಟ್ಯ ಕಲಿಯುತ್ತಿದ್ದಳು. ಅಕ್ಕನನ್ನು ಕರೆಯಲು ಹೋಗಿದ್ದ ಹುಡುಗಿ ಲಮ್ಯೈ ಒಂದು ದಿನ ಸಹಾಯ ಮಾಡಲು ಹೋಗಿ ಪಿಪೆಕ್‌ನನ್ನು ರಾಕ್ಷಸರ ಪಕ್ಕ ಇಟ್ಟಳು. ಕ್ರೂ ಚಲೋಮ್ ಕಿವಿ ಹಿಂಡಿದ್ದರು. "ಮುಖ ನೋಡಿ ಕೂರಿಸ್ಬೇಡ ಕಣೇ, ದಡ್ಡಿ. ಯಾರ ಪಕ್ಕ ಹೋಗಿ ನಿಂತ ಅಂತ ನೋಡಿ ಕೂರಿಸು."

ಬುಪ್ಪ ಆ ಮನೆಯ ಬಟ್ಟೆ ಹೊಲಿದವಳು, ನಿಜ. ಆದರೆ ಅಲ್ಲಿ ಹೊಲಿಗೆಯವರನ್ನು ಮುಖವಾಡದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಮುಖವಾಡ ಮುಟ್ಟುತ್ತಿದ್ದವರು ಶಿಷ್ಯರು ಮಾತ್ರ. ವೇದಿಕೆಯ ಮೇಲೆ ಕಂಡ ವಿರಿಯನ ಕೈ ಅವಳಿಗೆ ನೆನಪಾಯಿತು.

ಪಿಪೆಕ್‌ನ ಜೊತೆ ತೊತ್ಸಕನ್‌ನ ಮುಖವನ್ನೂ ಒಂದು ಕಪಿಯ ಮುಖವನ್ನೂ ಎತ್ತಿಕೊಂಡು, "ಈ ಮೂರನ್ನ ಒಂದು ಗಳಿಗೆ ತಗೊಂಡು ಹೋಗ್ತೀನಿ," ಎಂದಳು.

"ಎಲ್ಲಿಗೆ?"

"ನಿಮ್ಮ ಹನುಮಂತನ ಹತ್ರ."

ಬಣ್ಣದ ಮನೆಯಲ್ಲಿ ವಿರಿಯ ಕೈಗಳನ್ನು ಚಾಚಿ ನಿಂತಿದ್ದ. ಬಿಳಿಯ ಜರತಾರಿ ಉಡುಪು, ಹಿಂದೆ ಬಾಲ. ಈ ಆಟದ ಉಡುಪನ್ನು ತೊಡುವುದಲ್ಲ, ಮೈಮೇಲೇ ಹೊಲಿಯಬೇಕು. ಆಟ ಮುಗಿದ ಮೇಲೆ ದಾರ ಕತ್ತರಿಸಿಯೇ ಹೊರಗೆ ಬರಬೇಕು. ಅಲ್ಲಿಯವರೆಗೆ ನೀರು ಕುಡಿಯಲೂ ಯೋಚಿಸಬೇಕು. ಬುಪ್ಪಳ ಬದಲಿಗೆ ಬಂದಿದ್ದ ಹೆಂಗಸು ಬೆನ್ನಿಗೆ ಸೂಜಿ ಚುಚ್ಚಿದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ.

ಲಮ್ಯೈ ಕೊನೆಯ ಹೊಲಿಗೆ ಬೀಳುವವರೆಗೆ ಬಾಗಿಲಲ್ಲೇ ಕಾದಳು. ಹೊಲಿದ ಮೇಲೆ ಹನುಮಂತನೂ ಓಡಲಾರ.

"ಸ್ವಲ್ಪ ಆಚೆ ಹೋಗಿ ಕಾಫಿ ಕುಡಿದು ಬಾರಮ್ಮ," ಎಂದು ಹೊಲಿಗೆಯವಳನ್ನು ಕಳಿಸಿದಳು. ಮೂರೂ ಮುಖವಾಡಗಳನ್ನು ಕನ್ನಡಿಯ ಮುಂದಿನ ಮೇಜಿನ ಮೇಲೆ ಇಟ್ಟಳು. ತೊತ್ಸಕನ್‌ನ ಮೂಗಿಗೆ ಒಂದು ಕಪಿಯ ಮೂಗು ತಾಗುವ ಹಾಗೆ, ಪಿಪೆಕ್ ಅಣ್ಣನ ಬೆನ್ನಿಗೆ.

"ಏನ್ ದೊಡ್ಡಮ್ಮ, ನೀವೂ ನಟಿಸೋಕೆ ಬಂದ್ರಾ?" ವಿರಿಯ ಕನ್ನಡಿಯಲ್ಲೇ ನಕ್ಕ. "ಮುದುಕಿ ರಾಕ್ಷಸಿ ಪಾತ್ರ ಖಾಲಿ ಇದೆ."

"ಆ ಪಾತ್ರಕ್ಕೆ ನಿಮ್ಮ ಯಜಮಾನನೇ ಸಾಕಲ್ಲ. ಬೆಳಿಗ್ಗೆ ನಿನ್ನ ಪಾಠ ಕೇಳಿದೆ. ಚೆನ್ನಾಗಿ ನಗಿಸ್ತೀಯ."

"ನಗಿಸ್ದೇ ಇದ್ರೆ ಅವರು ಕೂರೋಲ್ಲ. ಬಿಸಿಲು, ಆನೆ, ಇಟ್ಟಿಗೆ ಗೋಪುರ ನೋಡಿ ಬಂದಿರ್ತಾರೆ. ಮೂರು ದಿನದಲ್ಲಿ ಇಡೀ ದೇಶ ಮುಗಿಸ್ಬೇಕು."

"ಮುಖವಾಡಕ್ಕೆ ಜೀವ ಇದೆ ಅಂತ ಹಳ್ಳಿ ಜನ ನಂಬ್ತಾರೆ ಅಂದೆಯಲ್ಲ. ನೀನು?"

"ಕಾಗದ, ಅರಗು, ಗಾಜಿನ ಚೂರು. ನಾನು ಬ್ಯಾಂಕಾಕಿನಲ್ಲಿ ಓದಿದೋನು ದೊಡ್ಡಮ್ಮ. ಇದೆಲ್ಲ ಅಜ್ಜಿಯರ ಕಾಲದ್ದು."

ಹೇಳುತ್ತಲೇ ಅವನ ಬಲಗೈ ಮೇಜಿನ ಮೇಲೆ ಹೋಗಿ ಕಪಿಯ ಮುಖವನ್ನು ಎತ್ತಿ ಆಚೆ ತುದಿಗೆ ಇಟ್ಟಿತು.

"ಓದಿದೋರು ನಂಬಬಾರದು ಬಿಡು," ಎಂದಳು ಲಮ್ಯೈ. "ಹುಳಿಸಾರು ಇಲ್ಲಿ ಚೆನ್ನಾಗಿ ಮಾಡ್ತಾರಾ? ಆಚೆ ಬೋರ್ಡು ನೋಡಿದೆ."

"ಪರದೇಶದವರ ಹುಳಿಸಾರು. ಖಾರ ಇಲ್ಲ, ಹುಳಿ ಇಲ್ಲ. ಬಿಸಿನೀರಿಗೆ ಬಣ್ಣ." ಎಡಗೈ ಪಿಪೆಕ್‌ನನ್ನು ಅಣ್ಣನ ಬೆನ್ನಿನಿಂದ ಬಿಡಿಸಿ, ಕಪಿಯ ಪಕ್ಕಕ್ಕೆ ಕೂರಿಸಿ, ಗಲ್ಲ ನೇರಮಾಡಿತು.

"ನಿನ್ನ ಕೈ ನೋಡ್ಕೋ, ಮೇಷ್ಟ್ರೇ."

ವಿರಿಯ ನೋಡಿಕೊಂಡ. ನಗು ಅರ್ಧಕ್ಕೆ ನಿಂತಿತು.

"ಅಭ್ಯಾಸ," ಎಂದ.

"ಯಾರ ಮನೇದು?"

"ಎಲ್ಲರ ಮನೇದೂ. ರಾಕ್ಷಸ, ಕಪಿ ಬೇರೆ ಇಡೋದು ಎಲ್ಲರಿಗೂ..."

"ಅದು ಎಲ್ಲರ ಮನೇದು. ಪಿಪೆಕ್‌ನ ಕಪಿ ಪಕ್ಕ ಕೂರಿಸೋದು ಒಂದೇ ಮನೇದು. ಆ ಕೋಣೇಲೂ ಹಾಗೇ ಕೂರಿಸಿದ್ದೀಯ. ದೊಡ್ಡ ದರೋಡೆ ನಾಟಕ ಕಟ್ಟಿದೆ. ಗುರುಗಳು ಹಿಂಡಿದ ಕಿವಿ ಮಾತ್ರ ಮರೀಲಿಲ್ಲ."

ಹೊರಗೆ ದೊಡ್ಡ ಮದ್ದಳೆಯನ್ನು ಯಾರೋ ಶ್ರುತಿ ಮಾಡುತ್ತಿದ್ದರು. ವಿರಿಯ ಕುಳಿತುಕೊಳ್ಳಲು ನೋಡಿದ. ಬಿಗಿದ ಹೊಲಿಗೆ ಬಿಡಲಿಲ್ಲ. ಬಾಲ ನೆಟ್ಟಗೆ ನಿಲ್ಲಿಸಿಕೊಂಡು, ಹಾಗೇ ಗೋಡೆಗೆ ಒರಗಿದ.

"ನಾಳೆ ಏನು ಗೊತ್ತಾ ದೊಡ್ಡಮ್ಮ?" ಅವನ ದನಿ ತಗ್ಗಿತ್ತು. "ಗುರುವಂದನೆ ಅಂತೀರಲ್ಲ, ಅದಕ್ಕೆ ಇಲ್ಲಿ 'ದೀಕ್ಷೆಯ ಅನುಭವ' ಅಂತ ಹೆಸರು. ಟಿಕೇಟು ತಗೊಂಡೋರೆಲ್ಲ ಸಾಲಾಗಿ ಬರ್ತಾರೆ. ಒಬ್ಬೊಬ್ಬರ ತಲೆ ಮೇಲೂ ಗುರುತಲೆ ಇಡಬೇಕು. ಫೋಟೋ. ಮುಂದಿನೋರು. ಆಚೆ ಹೋಗ್ತಾ ತೆಂಗಿನಕಾಯಿ ಐಸ್‌ಕ್ರೀಂ ಪುಕ್ಕಟೆ. ಇಡೋ ಕೈ ಯಾರದು? ನಂದು. ನಾನು ಅದರಡಿ ತಲೆ ಬಾಗಿಸೋಕೆ ಹತ್ತು ವರ್ಷ ನೆಲ ಗುಡಿಸಿದ್ದೆ."

"ಅದಕ್ಕೆ ಕದ್ದೆ."

"ಕದೀಲಿಲ್ಲ. ಕಾಪಾಡ್ದೆ."

"ಆಗೋಲ್ಲ ಅಂತ ಬಾಯಿಬಿಟ್ಟು ಯಜಮಾನನಿಗೆ ಹೇಳೋಕೆ ಏನಾಗಿತ್ತು?"

ಅವನು ಜರತಾರಿ ತೋಳಿನ ಎಳೆಯೊಂದನ್ನು ಕಿತ್ತ.

"ಸಂಬಳ ಹೋಗ್ತಿತ್ತು," ಎಂದಳು ಲಮ್ಯೈ. "ಬೀಗದ ಕೈ ಹೇಗೆ ಸಿಕ್ತು?"

"ಬುಪ್ಪ ನನ್ನ ಬೆನ್ನು ಹೊಲೀತಿದ್ದಾಗ... ಸೂಜಿಬುಟ್ಟಿ ಇಲ್ಲೇ ಮೇಜಿನ ಮೇಲಿರುತ್ತೆ."

"ಅವಳು ನಿನಗೆ ಬಟ್ಟೆ ಹೊಲೀತಿದ್ಲು, ನೀನು ಅವಳಿಗೆ ಗೋರಿ ತೋಡ್ತಿದ್ದೆ. ವಾರ ಆಯ್ತು. ಆ ಕಂಬಿ ಹಿಂದೆ ಅವಳು ಉಸಿರು ಎಳೀತಾ ಕೂತಿದ್ದಾಳೆ. ನೀನು ದಿನಾ ಇಲ್ಲಿ ನಿಂತ್ಕೊಂಡು ನಮ್ಮ ಸಂಸ್ಕೃತೀಲಿ ಹಿರಿಯರಿಗೆ ಗೌರವ ಅಂತ ಕೂಗ್ತಿದ್ದೆ. ಗುರುವಿನ ತಲೆ ಉಳಿಸಿದೆ. ಅದಕ್ಕೆ ಬದಲು ಒಬ್ಬ ಮುದುಕಿ ತಲೆ ಕೊಟ್ಟೆ. ಅನುವತ್ ಕನಿಷ್ಠ ಮಾರ್ತೀನಿ ಅಂತ ಹೇಳಿ ಮಾರ್ತಾನೆ ಕಣೋ."

ವಿರಿಯನ ಕಣ್ಣಿನ ಕಾಡಿಗೆ ಕರಗಿ ಮುಖದ ಬಿಳಿ ಬಣ್ಣದ ಮೇಲೆ ಇಳಿಯಿತು. ಲಮ್ಯೈ ಅದನ್ನು ನೋಡಿಯೂ ನೋಡದವಳಂತೆ ಕೋಣೆಯ ಸುತ್ತ ಕಣ್ಣಾಡಿಸಿದಳು. ನೆಲದ ಪೆಟ್ಟಿಗೆಗಳನ್ನು ಮುಟ್ಟಲೇ ಇಲ್ಲ. ಇಂಥವನು ಅದನ್ನು ಕಾಲಿನ ಮಟ್ಟಕ್ಕೆ ಇಟ್ಟಿರಲಾರ. ಕತ್ತೆತ್ತಿದಳು. ಬೀರುವಿನ ತಲೆಯ ಮೇಲೆ ಬಿಳಿ ಬಟ್ಟೆ ಸುತ್ತಿದ ಒಂದು ದುಂಡು ಡಬ್ಬ. ಅದರ ಮೇಲೆ ಮಲ್ಲಿಗೆ ಹಾರ. ಬೆಳಿಗ್ಗೆ ಕಟ್ಟಿದ್ದು, ಇನ್ನೂ ಬಾಡಿರಲಿಲ್ಲ.

"ಕದ್ದ ಮಾಲಿಗೆ ದಿನಾ ಹೂ ಏರಿಸೋ ಕಳ್ಳನ್ನ ಇವತ್ತು ನೋಡಿದ ಹಾಗಾಯ್ತು," ಎಂದಳು. "ಇಳಿಸು."

ಅವನು ಕೈಮುಗಿದು, ಬಾಯಲ್ಲಿ ಏನೋ ಅಂದುಕೊಂಡು, ಡಬ್ಬವನ್ನು ಇಳಿಸಿದ. ಬಟ್ಟೆ ಬಿಚ್ಚಿದಾಗ ಬಂಗಾರದ ಮುಖ, ಬಿಳಿ ಗಡ್ಡ, ಸುಮ್ಮನೆ ನಗುವ ತುಟಿ ಕಂಡವು. ಲಮ್ಯೈಳ ಕೈಗಳೂ ಅವಳನ್ನು ಕೇಳದೆ ಮುಗಿದವು.

"ಕತ್ತರಿ ಎಲ್ಲಿದೆ? ದಾರ ಕತ್ತರಿಸ್ತೀನಿ. ನಡಿ ಠಾಣೆಗೆ. ಊಟದ ಹೊತ್ತಿಗೆ ಬುಪ್ಪ ಮನೇಲಿರ್ಬೇಕು."

"ಬರ್ತೀನಿ," ಎಂದ ವಿರಿಯ. ಆ ಬೆಳಿಗ್ಗೆ ಅವನು ಆಡಿದ ಮೊದಲ ಗಟ್ಟಿ ಮಾತು ಅದು.

ಅಷ್ಟರಲ್ಲಿ ಲಮ್ಯೈಳ ಫೋನು ಅರಚಿತು. ಸಬ್ ಇನ್ಸ್‌ಪೆಕ್ಟರ್ ತನಿತ್.

"ದೊಡ್ಡಮ್ಮ, ಇನ್ನು ಕಷ್ಟ ತಗೋಬೇಡಿ," ಅವನ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ಬುಪ್ಪ ಒಪ್ಕೊಂಡ್ಲು."

"ಹೊಡೆದ್ರಾ?"

"ಅಯ್ಯೋ, ಬೆರಳು ತಾಗಿಸಿಲ್ಲ. ತಾನಾಗೇ ಕರೆದು ಹೇಳಿದ್ಲು. ಮನೆಗೆ ಕರ್ಕೊಂಡು ಹೋಗಿ, ಅಕ್ಕಿ ಮಡಕೆ ಮೇಲಿನ ಹಲಗೆಯಿಂದ ತಾನೇ ಇಳಿಸಿ ಕೊಟ್ಲು. ಬಿಳಿ ಗಡ್ಡ, ಬಂಗಾರದ ಮುಖ. ಈಗ ನನ್ನ ಮೇಜಿನ ಮೇಲೇ ಇದೆ. ಅನುವತ್ ಸಾಹೇಬ್ರಿಗೂ ಫೋನು ಮಾಡಿ ಹೇಳ್ದೆ."

ಲಮ್ಯೈ ಎದುರಿಗಿದ್ದ ಋಷಿಯ ಮುಖವನ್ನು ನೋಡಿದಳು. ಅದು ನಗುತ್ತಲೇ ಇತ್ತು.

"ಇನ್ನೊಂದು ವಿಷಯ," ಎಂದ ತನಿತ್. "ಅವಳು ಕದ್ದದ್ದು ಈ ವಾರ ಅಲ್ವಂತೆ. ಗುರು ತೀರ್ಕೊಂಡ ದಿನಾನೇ ತಗೊಂಡು, ಆ ಜಾಗದಲ್ಲಿ ನಕಲು ಇಟ್ಟಳಂತೆ. ಇಷ್ಟು ವರ್ಷ ಆ ಗ್ರಾಮದಲ್ಲಿ ಇದ್ದದ್ದೇ ನಕಲು ಅಂತಾಳೆ. ತಲೆ ಕೆಟ್ಟಿರ್ಬೇಕು. ಹೇಗಿದ್ರೂ ಮಾಲು ಸಿಕ್ತಲ್ಲ."

ಫೋನು ಇಟ್ಟ ಮೇಲೆ ಅವಳು ಕೇಳಿದ್ದನ್ನು ವಿರಿಯನಿಗೆ ಹೇಳಿದಳು. ಒಂದು ಮಾತೂ ಬಿಡಲಿಲ್ಲ.

"ಸುಳ್ಳು!" ಎಂದ ಅವನು. "ಅವಳ ಹತ್ರ ಇರೋದೇ ನಕಲು. ಇದು ಗುರುಗಳದು. ನೂರಾರು ಶಿಷ್ಯರ ತಲೆ ಮೇಲೆ ಕೂತದ್ದು. ಒಳಗಿನ ಅಂಚು ತಲೆ ಎಣ್ಣೇಲಿ ಕಪ್ಪಾಗಿರುತ್ತೆ. ಬೇಕಾದ್ರೆ..."

ಗುರುತಲೆಯ ಒಳಗನ್ನು ಶಿಷ್ಯರು ನೋಡಬಾರದು. ಅವನೂ ಈವರೆಗೆ ನೋಡಿರಲಿಲ್ಲ. ಕ್ಷಣ ತಡೆದು, ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ತಿರುಗಿಸಿದ.

ಒಳಗಿನ ಅಂಚು ಅಂಗಡಿಯ ಸುಣ್ಣದಷ್ಟು ಬಿಳುಪಾಗಿತ್ತು. ಒಂದು ತಲೆಯ ಎಣ್ಣೆಯೂ ಅದಕ್ಕೆ ತಾಗಿರಲಿಲ್ಲ.

ವಿರಿಯ ಅದನ್ನು ಮತ್ತೆ ಮೇಜಿನ ಮೇಲೆ ಕೂರಿಸಿದ. ಲಮ್ಯೈ ಬಾಗಿಲಿನ ಅಗುಳಿ ಹಾಕಿದಳು. ಅವಳ ತಲೆ ಬೀಸುಕಲ್ಲಿನಂತೆ ತಿರುಗುತ್ತಿತ್ತು, ದನಿ ಮಾತ್ರ ತಣ್ಣಗಿತ್ತು.

"ಕೇಳು. ಇದು ನಕಲು ಅಂತ ನೀನು ಹೇಳಿದ್ರೆ, ನೀನು ಕದ್ದದ್ದು ಕಾಗದದ ಬುರುಡೆ. ಯಜಮಾನ ಬೈದು ಬಿಟ್ಬಿಡ್ತಾನೆ. ಅಸಲು ಬುಪ್ಪನ ಮನೇಲಿತ್ತು ಅಂತಾಯ್ತು. ಅವಳು ಒಳಗೇ ಸಾಯ್ತಾಳೆ."

"ಅಸಲು ಅಂದ್ರೆ?"

"ಅಸಲು ಅಂದ್ರೆ ಕಳ್ಳ ನೀನು. ಜೈಲು ನಿನಗೆ. ಬುಪ್ಪನ ಹಲಗೆ ಮೇಲಿದ್ದದ್ದು ಯಾವುದೋ ಮುದುಕಿ ಪೂಜೆಗೆ ಇಟ್ಕೊಂಡ ಬೊಂಬೆ. ಅದನ್ನ ಅವಳ ಕೈಗೇ ವಾಪಸ್ ಕೊಟ್ಟು ಮನೆಗೆ ಕಳಿಸ್ತಾರೆ. ಈ ಊರಲ್ಲಿ ಗುರುತಲೆ ಗುರುತು ಹಿಡಿಯೋ ಶಿಷ್ಯ ನೀನೊಬ್ಬನೇ ಉಳಿದಿರೋದು. ನಿನ್ನ ಮಾತೇ ಮಾತು."

"ಅವಳು ಯಾಕೆ ಈಗ ಒಪ್ಕೊಂಡ್ಲು, ದೊಡ್ಡಮ್ಮ? ಇಷ್ಟು ದಿನ ಸುಮ್ನಿದ್ದು?"

"ಗೊತ್ತಿಲ್ಲ," ಎಂದಳು ಲಮ್ಯೈ. ಅವಳಿಗೆ ಆ ಮಾತು ಆಡಿ ಅಭ್ಯಾಸವಿರಲಿಲ್ಲ.

ಬಾಗಿಲು ದಡದಡ ಬಡಿಯಿತು.

"ಇನ್ಸ್‌ಪೆಕ್ಟರಮ್ಮ! ತಲೆ ಸಿಕ್ತಂತೆ! ತೆಗೀರಿ ಬಾಗ್ಲು!"

ಲಮ್ಯೈ ಅಗುಳಿ ತೆಗೆದಳು. ಅನುವತ್ ನಗುತ್ತ ಒಳಗೆ ಬಂದ, ಎರಡು ಹೆಜ್ಜೆ ಇಟ್ಟ, ಮೇಜಿನ ಮೇಲಿನ ಋಷಿಯ ಮುಖ ನೋಡಿ ನಿಂತ. ನಗು ಒಣಗಿತು.

"ಇದೇನಿದು? ಠಾಣೇಲಿ ಒಂದು, ಇಲ್ಲೊಂದು?" ಅವನು ಲಮ್ಯೈಳ ಕಡೆಗೆ ನೋಡಲೇ ಇಲ್ಲ, ಬಿಳಿ ಉಡುಪಿನಲ್ಲಿ ಹೊಲಿದಿಟ್ಟ ಆ ಮನುಷ್ಯನ ಕಡೆಗೆ ಬೆರಳು ತೋರಿಸಿದ. "ನಿಮಗೆ ಇದಕ್ಕೇ ಸಂಬಳ ಕೊಡೋದು, ಮೇಷ್ಟ್ರೇ. ಹೇಳಿ. ಇದು ಅಸಲೋ, ನಕಲೋ?"

ವಿರಿಯ ಬಾಯಿ ತೆರೆದ.